ಕೈಗೇರದ ಹಸಿರು ಬಳೆ

ಹೋದ ವರ್ಷ ಮಾಘ ಮಾಸದಲ್ಲಿ ನನ್ನ ಮಗಳೂ ಅವಳ ಹೊಟ್ಟೆಯಲ್ಲಿದ್ದ ಕೂಸೂ ಕೈತಪ್ಪಿ ಹೋಗುವುದರಲ್ಲಿದ್ದರು. ಅದಕ್ಕೆ ಕಾರಣಳಾದವಳು ನಾನೇ. ಗಂಗಮ್ಮ ತಾಯಿಯ ಭಕ್ತರ ಮುಂದೆ ಮುಚ್ಚಿಡುವುದೇನಿದೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮಗಳು ರಶ್ಮಿ ಚೊಚ್ಚಲ ಹೆರಿಗೆಗೆಂದು ಕಲ್ಯಾಣ ನಗರದಿಂದ ವಿಮಾನಪುರದ ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಆರು ವರ್ಷಕ್ಕೆ, ತಾಯಿಗೆ ಹರಕೆ ಹೊತ್ತ ಮೇಲೆ ನಿಂತ ಬಸಿರು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಶುಕ್ರವಾರ ಸೀಮಂತ. ಅದೇ ವಾರ ಮಂಗಳವಾರ ಡಾಕ್ಟರು ತಪಾಸಣೆಗೆ ಕರೆದಿದ್ದರು. ಅವತ್ತು ಅಮಾವಾಸ್ಯೆ, ಗುಡಿಯಲ್ಲಿ ನನ್ನ ಸೇವೆ ಬೇರೆ ಇತ್ತು.

"ಅಮ್ಮಾ, ಎರಡು ದಿನದಿಂದ ತಲೆನೋವು ಬಿಡ್ತಾನೇ ಇಲ್ಲ, ಕಾಲೂ ಊದಿದೆ. ಹೋಗ್ಬಂದ್ಬಿಡೋಣ" ಎಂದಳು ರಶ್ಮಿ.

"ಬಸುರಿ ಕಾಲು ಊದದೆ ನನ್ನ ಕಾಲು ಊದುತ್ತಾ? ಅಮಾವಾಸ್ಯೆ ದಿನ ಆಸ್ಪತ್ರೆ ಮೆಟ್ಟಿಲು ಹತ್ತೋದು ಬೇಡ. ಸೀಮಂತ ಮುಗೀಲಿ, ಸೋಮವಾರ ಹೋದ್ರಾಯ್ತು" ಎಂದೆ. ಮೂರು ಹೆತ್ತವಳೆಂಬ ಜಂಬ ನನಗೆ.

ಶುಕ್ರವಾರ ಬಳೆ ತೊಡಿಸಲು ಶಿವಾಜಿನಗರದ ಮುಮ್ತಾಜಮ್ಮ ಬಂದರು. ನಮ್ಮ ಮನೆಯ ಎಲ್ಲ ಮದುವೆಗಳಿಗೂ ಅವರದೇ ಬಳೆ. ಹದಿನೈದು ದಿನದ ಹಿಂದೆ ಅವರೇ ರಶ್ಮಿಯ ಕೈ ಅಳತೆ ನೋಡಿಕೊಂಡು ಹೋಗಿದ್ದರು. ಈಗ ಅದೇ ಅಳತೆಯ ಹಸಿರು ಬಳೆ ಗೆಣ್ಣು ದಾಟಲಿಲ್ಲ. ಸೋಪಿನ ನೀರು ಹಚ್ಚಿದರು, ಆಗಲಿಲ್ಲ. ಒತ್ತಿದಾಗ ಒಂದು ಬಳೆ ಒಡೆದೇಹೋಯಿತು. ಅಪಶಕುನವೆಂದು ಮುತ್ತೈದೆಯರು ಪಿಸುಗುಟ್ಟಿದರು. ನನ್ನ ಕೋಪ ನೆತ್ತಿಗೇರಿತು.

ಮುಮ್ತಾಜಮ್ಮ ರಶ್ಮಿಯ ಅಂಗೈ ಹಿಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಗುಳಿ ಬಿತ್ತು. ಮುಖವನ್ನು ಬೆಳಕಿಗೆ ತಿರುಗಿಸಿದರು.

"ಕಣ್ಣು ಮಂಜಾಗ್ತೈತಾ ಬೇಟಿ?"

"ಹೂಂ ಆಂಟಿ. ಬೆಳಗ್ಗೆಯಿಂದ ಚುಕ್ಕಿ ಚುಕ್ಕಿ ಕಾಣಿಸ್ತಿದೆ."

"ಅಕ್ಕಾ, ಇದು ಬಿಪಿ ಇರ್ಬೇಕು. ನಮ್ ದೊಡ್ಡ ಸೊಸೆಗೆ ಹಿಂಗೇ ಕೈ, ಮುಖ ಎಲ್ಲಾ ಊದಿತ್ತು. ಅವಳು ಉಳೀಲಿಲ್ಲ. ಆರತಿ ಆಮೇಲೆ ಮಾಡ್ಕೊಳ್ರೀ, ಮೊದ್ಲು ಆಸ್ಪತ್ರೆಗೆ ನಡೀರಿ."

"ಶುಭಕಾರ್ಯದಲ್ಲಿ ಸಾವಿನ ಮಾತಾಡ್ತೀರಾ? ಎದ್ದೋಗ್ರೀ ಇಲ್ಲಿಂದ!" ಎಂದು ಕಿರುಚಿದೆ. ಬಂದ ನೆಂಟರೆದುರೇ ಹಾಗಂದೆ.

ಅವರು ಎದ್ದರು, ಆದರೆ ರಶ್ಮಿಯ ಕೈ ಹಿಡಿದುಕೊಂಡೇ ಎದ್ದರು. "ಬೈರಿ ಅಕ್ಕಾ. ಆಟೋದಲ್ಲಿ ಕೂತ್ಕೊಂಡು ಬೈರಿ" ಎಂದರು.

ಇಂದಿರಾನಗರದ ಆಸ್ಪತ್ರೆಯಲ್ಲಿ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಇನ್ನೊಂದು ತೋಳಿಗೂ ಸುತ್ತಿದಳು. ಮೇಲಿನದು ನೂರ ಎಂಬತ್ತು, ಕೆಳಗಿನದು ನೂರ ಹದಿನೆಂಟು. ಡಾಕ್ಟರು ಓಡಿಬಂದರು. "ಯಾವ ಕ್ಷಣದಲ್ಲಾದ್ರೂ ಫಿಟ್ಸ್ ಬರಬಹುದು, ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಮಗೂನ ಈಗಲೇ ತೆಗೀಬೇಕು. ಮಂಗಳವಾರ ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ರಶ್ಮಿ ನನ್ನ ಕಡೆ ನೋಡಿದಳು, ದೂರು ಮಾತ್ರ ಹೇಳಲಿಲ್ಲ. ಅಳಿಯಂದಿರು ಆಪರೇಷನ್ ಕಾಗದಕ್ಕೆ ಸಹಿ ಹಾಕಿದರು.

ಬಾಗಿಲಾಚೆ ಕೂತು ಗಂಗಮ್ಮ ತಾಯಿಯೊಡನೆ ಜಗಳವಾಡಿದೆ. "ನಿನ್ನ ಸೇವೆ ತಪ್ಪಬಾರದೆಂದು ನನ್ನ ಮಗಳ ತಲೆನೋವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ನನ್ನದು, ಶಿಕ್ಷೆಯೂ ನನಗಿರಲಿ. ಅವಳನ್ನು ಬಿಟ್ಟುಬಿಡು" ಎಂದು ಅತ್ತೆ. ನಲವತ್ತು ವರ್ಷದ ಪೂಜೆಯಲ್ಲಿ ಅಷ್ಟು ನಿಜವಾಗಿ ನಾನು ಎಂದೂ ಬೇಡಿಕೊಂಡಿರಲಿಲ್ಲ.

ಹೆಣ್ಣು ಕೂಸು, ಒಂದೂ ಮುಕ್ಕಾಲು ಕೆಜಿ. ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಇಟ್ಟಿದ್ದರು. ಹೆರಿಗೆಯಾದರೂ ರಶ್ಮಿಯ ಬಿಪಿ ಇಳಿಯಲೊಲ್ಲದು. ದಿನವೂ ಬಸ್ಸಿನಲ್ಲಿ ಗಂಜಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ತಾಯಿಯ ಹೆಸರು ಹೇಳುತ್ತಾ ಹೋಗುತ್ತಿದ್ದೆ. ನಾಲ್ಕನೇ ದಿನ ಅವಳು ಡಬ್ಬಿ ತೆರೆದು ಮುಖ ಸಿಂಡರಿಸಿ, "ಉಪ್ಪಿನಕಾಯಿ ತಂದಿಲ್ವಾ?" ಎಂದಳು. ಉಪ್ಪು ಕೂಡದೆಂದು ನರ್ಸಮ್ಮ ಗದರಿದಳು. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ತಾಯಿ ನನ್ನ ಮೊರೆ ಕೇಳಿದಳು. ನಾನು ಬೇಡುವ ಮೊದಲೇ ಬಳೆಬುಟ್ಟಿ ಹೊರಿಸಿ ಒಬ್ಬರನ್ನು ಕಳಿಸಿದ್ದಳು. ಅವರಿಗೇ ನಾನು ಎದ್ದು ಹೋಗಿ ಎಂದಿದ್ದೆ. ಆಮೇಲೆ ಶಿವಾಜಿನಗರಕ್ಕೆ ಹೋಗಿ ಕೈಮುಗಿದೆ. "ನಿಮ್ಮ ಬೈಗುಳ ಅವತ್ತೇ ಮರ್ತೋಯ್ತು ಅಕ್ಕಾ. ಮಗೂ ಹಾಲು ಕುಡೀತೈತಾ?" ಎಂದು ಕೇಳಿದರು ಆ ಪುಣ್ಯಾತ್ಗಿತ್ತಿ.

ಅಮಾವಾಸ್ಯೆ ಸೇವೆಯನ್ನು ನಾನು ಬಿಟ್ಟಿಲ್ಲ, ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ತಪಾಸಣೆಯ ದಿನಕ್ಕೆ ಮಾತ್ರ ಪಂಚಾಂಗ ನೋಡುವುದಿಲ್ಲ. ಬಿಪಿ ಎಷ್ಟೋ ಸಲ ಸದ್ದಿಲ್ಲದೆ ಬರುತ್ತದೆ. ಮನೆಯಲ್ಲಿ ಬಸುರಿಯಿದ್ದರೆ ಹೇಳಿದ ದಿನವೇ ನೋಡಿಸಿ. ತಲೆನೋವು, ಕಣ್ಣು ಮಂಜು, ಊತ ಎಂದರೆ ದಿನ ಎಣಿಸುತ್ತಾ ಕೂರಬೇಡಿ. ಹೆತ್ತ ಮೇಲೂ ಬಿಪಿ ನೋಡಿಸುವುದನ್ನು ಬಿಡಬೇಡಿ.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಅಮ್ಮಾ, ಬರೆದಿದ್ದು ಸಾಕು, ಇವಳನ್ನ ಎತ್ಕೋ ಬಾ! ನಾನು ಬಿಪಿ ನೋಡ್ಕೋಬೇಕು, ಇವಳು ಪಟ್ಟೀನೇ ಎಳೀತಾಳೆ."

ಅಮ್ಮಾ ಎಂದು ಕೂಗಲು ನನ್ನ ಮಗಳಿದ್ದಾಳೆ. ತಾಯೀ, ನಾನು ಬೇಡಿದ್ದು ಇಷ್ಟೇ.