ಎಣಿಸಬಾರದ ಲೆಕ್ಕ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. "ಸಿಟ್ಟಿನಾಗ ಕೊಯ್ದ ಮೂಗು ತಿರುಗಿ ಬರಂಗಿಲ್ಲ" ಎಂದು ಯಾದಗಿರಿಯ ನಮ್ಮ ಕಿರಾಣಿ ಅಂಗಡಿಯ ಒಳಬಾಗಿಲಲ್ಲಿ ನಿಂತು ಅವ್ವ ಎಷ್ಟು ಸಲ ಹೇಳಿದ್ದಳೋ. ಅಂಥವಳಿಗೆ ಸರ್ಕಾರ ಸಣ್ಣ ಮಕ್ಕಳಿಗೆ ಕಲಿಸುವ ನೌಕರಿ ಕೊಟ್ಟಿತು.

ನಿಜಾಮಶಾಹಿ ಹೋಗಿ ನಮ್ಮ ಸೀಮೆ ಕನ್ನಡ ನಾಡಿಗೆ ಸೇರಿದ ಹೊಸತು. ಶಹಾಪುರ, ಸುರಪುರದ ನಡುವಿನ ಒಂದು ಹಳ್ಳಿಯಲ್ಲಿ ಒಂದೇ ಕೋಣೆಯ ಕನ್ನಡ ಶಾಲೆ, ಕೋಣೆ ತುಂಬ ಮಕ್ಕಳು. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ಕೂಡಿಸುವಾಗ ಮಾತ್ರ ಒಳಗೊಳಗೇ ದಸ್, ಬೀಸ್, ತೀಸ್. ಈಗಲೂ ಹಾಗೆಯೇ.

ನಾನು ಕಲಿತ ನಿಜಾಮರ ಕಾಲದ ಸರ್ಕಾರಿ ಮದರಸಾದಲ್ಲಿ ಬೆತ್ತವೊಂದೇ ಕಾಯ್ದೆ. ನನ್ನ ಶಾಲೆ ಹಾಗಾಗಬಾರದೆಂದು ಮೊದಲ ವಾರವೇ ಮಕ್ಕಳಿಂದಲೇ ಕಾಯ್ದೆ ಮಾಡಿಸಿದೆ. ಪಾಟಿಯನ್ನು ಉಗುಳು ಹಚ್ಚಿ ಒರೆಸಬಾರದು ಎಂದರು. ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು ಎಂದು ನಾನು ಸೇರಿಸಿದೆ. ಮುರಿದವರು ಒಂದು ವಾರ ಬಾವಿಯಿಂದ ಶಾಲೆಯ ಕೊಡ ತುಂಬಿ ತರಬೇಕು ಎಂದೂ ತೀರ್ಮಾನವಾಯಿತು. ಆಗ ಹಿಂದಿನ ಸಾಲಿನಿಂದ ಕುರಿಗಾರರ ಮನೆಯ ಪುಟ್ಟ ಹುಡುಗಿ ಎದ್ದು ನಿಂತಳು.

"ಅಕ್ಕೋರ, ನಿಮಗ ಸಿಟ್ಟು ಬಂದ್ರ ಮೊದ್ಲು ನೀರು ಕುಡೀಬೇಕ್ರಿ. ಆಮ್ಯಾಲ ಮಾತಾಡಬೇಕು."

ನನ್ನ ಸಿಟ್ಟನ್ನು ನಾಲ್ಕೇ ದಿನದಲ್ಲಿ ಅಳೆದಿದ್ದಳು! ನಗು ಬಂತು. ಅದನ್ನೂ ಹಲಗೆಯ ಮೇಲೆ ಬರೆದೆ. ಯುಗಾದಿಯೊಳಗೆ ಯಾರು ಏನು ಕಲಿಯುತ್ತೀರಿ ಎಂದು ಕೇಳಿದಾಗ, ಸುರಪುರದ ಬಸ್ಸಿನ ಬೋರ್ಡು ಓದುತ್ತೇನೆ ಎಂದವರು ಇದ್ದರು. ಇವಳು, "ನೂರರ ತನಕ ಎಣಿಸ್ತೀನ್ರಿ" ಎಂದಳು.

ಅವಳಿಗೆ ಸುಲಭವಾಗಲೆಂದೇ ಒಂದು ದಿನ ಕೇಳಿದೆ: "ನಿಮ್ಮ ಹಟ್ಟ್ಯಾಗ ಎಷ್ಟು ಕುರಿ ಅದಾವ?" ಹುಡುಗಿ ಸುಮ್ಮನೆ ನಿಂತಳು. ಮತ್ತೆ ಕೇಳಿದೆ. ಕೇಳಿದ್ದಕ್ಕೆ ಉತ್ತರ ಹೇಳಬೇಕೆಂಬ ಕಾಯ್ದೆ ನೆನಪಿಸಿದೆ. ನೆಲ ನೋಡುತ್ತ ನಿಂತವಳು ತುಟಿ ಬಿಚ್ಚಲಿಲ್ಲ. ಪಿತ್ತ ನೆತ್ತಿಗೇರಿ ಕೆನ್ನೆಗೆ ಹೊಡೆದೇಬಿಟ್ಟೆ. ನೀರಿನ ಕೊಡ ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಹಾಜರಿ ಕರೆಯುವಾಗ ಅವಳ ಗೆಳತಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ಕುರಿ ಎಣಿಸಬಾರದ್ರಿ ಅಕ್ಕೋರ, ಕೆಟ್ಟ ಕಣ್ಣಿನ ನದರ ಆಗ್ತದ. ಆಕಿ ಹ್ಯಾಂಗ ಹೇಳಬೇಕು? ನೀವ ನೀರು ಕುಡೀಲಿಲ್ಲ. ಇನ್ನ ಆಕೀನ ಸಾಲಿಗಿ ಕಳಸಂಗಿಲ್ಲ ಅಂತ ಅವರಪ್ಪ ಅಂದಾನ."

ಅಂಗಡಿಯವರ ಮಗಳು ನಾನು. ಎಣಿಸದೆ ಇರುವ ಮನೆಯೂ ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಸಂಜೆ ಹಟ್ಟಿಗೆ ಹೋದೆ. ಅವಳ ಅಪ್ಪ ಕಂಬಳಿ ಹಾಸಿ ಕೂಡಿಸಿದ.

"ಎಣಿಸಲಿಲ್ಲಂದ್ರ ಒಂದು ತಪ್ಪಿದ್ದು ಹ್ಯಾಂಗ ಗೊತ್ತಾಗ್ತದ?" ಎಂದೆ.

"ಮಕ್ಕಳ ಮಾರಿ ಮರೀತೀವೇನ್ರಿ? ಬರದಿದ್ದದ್ದು ಯಾವುದು ಅಂತ ಕಣ್ಣಿಗೇ ತಿಳೀತದ."

ನನಗೆ ಶಾಲೆಯ ಹಿಂದಿನ ಸಾಲಿನಲ್ಲಿ ಅವಳ ಖಾಲಿ ಜಾಗ ಕಣ್ಣಿಗೆ ಕಟ್ಟಿತು. ಮಾಫ್ ಮಾಡ್ರಿ ಎಂದೆ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬರುವಂಥದ್ದಲ್ಲ. ಆತ, "ಆಕಿನ್ನ ಕೇಳ್ರಿ" ಎಂದ. ಹುಡುಗಿ ಮರಿಗಳ ನಡುವೆ ಮುಖ ಮರೆಸಿಕೊಂಡಿದ್ದಳು. "ನಾಳಿಂದ ಒಂದು ವಾರ ಕೊಡ ನಾನ ತುಂಬ್ತೀನಿ" ಎಂದು ಹೇಳಿ ಎದ್ದೆ. ಅವಳು ತಿರುಗಲಿಲ್ಲ.

ಊರವರೆಲ್ಲ ನೋಡುವಂತೆ ಕೊಡ ಹೊತ್ತೆ. ಎರಡು ದಿನ ಸೀರೆ ತೋಯ್ದದ್ದೇ ಬಂತು. ಮೂರನೆಯ ದಿನ ಬಾವಿಯಿಂದ ಬರುವಾಗ ಶಾಲೆಯ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂತಿದ್ದಳು. ಕೊಡದಲ್ಲಿ ನೀರು ಎಷ್ಟಿದೆ ಎಂದು ಬಗ್ಗಿ ನೋಡಿ, ಒಳಗೆ ಹೋದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಹುಣಸೆಬೀಜ, ಗೋಡೆಯ ಕಲ್ಲು, ಕಿಟಕಿಯ ಸರಳು ಎಲ್ಲವನ್ನೂ ಎಣಿಸುತ್ತ ಯುಗಾದಿಗೆ ಮುಂಚೆಯೇ ನೂರು ಮುಟ್ಟಿದಳು. ಅದೇ ಹೊತ್ತಿಗೆ ಶಾಲೆ ತಪಾಸಣೆಗೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದರು. ನಾನೇ ಹೆಮ್ಮೆಯಿಂದ ಅವಳನ್ನು ಮುಂದೆ ನಿಲ್ಲಿಸಿದೆ.

"ಈ ಕೋಣೆಯಲ್ಲಿ ಎಷ್ಟು ಜನ ಇದ್ದೇವೆ, ಎಣಿಸಮ್ಮ" ಎಂದರು ಅವರು.

ಹುಡುಗಿ ನೆಲ ನೋಡಿದಳು. ಅವರು ಎರಡು ಸಲ ಕೇಳಿದರು. ಆಮೇಲೆ ಪುಸ್ತಕದಲ್ಲಿ "ಎಣಿಕೆ ಬಾರದು" ಎಂದು ಬರೆದರು. ನನ್ನ ಕಿವಿ ಬಿಸಿಯಾದವು. ಕೊಡದ ಹತ್ತಿರ ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ.

ಸಾಹೇಬರು ಹೋದ ಮೇಲೆ ಅವಳನ್ನು ಹತ್ತಿರ ಕರೆದು, "ನಿನಗ ಬರ್ತದಲ್ಲ, ಯಾಕ ಹೇಳಲಿಲ್ಲ?" ಎಂದೆ.

ಇಷ್ಟೂ ತಿಳಿಯದೇ ಎಂಬಂತೆ ನನ್ನ ಮುಖ ನೋಡಿದಳು.

"ನಮ್ಮವರನ್ನ ಎಣಿಸಬಾರದ್ರಿ ಅಕ್ಕೋರ."