ಹೊಯಿಗೆಯ ಗುಡ್ಡಕ್ಕೆ ಒಂದು ಗೊರಬೆ

ಹೇಗಿದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದ ಊರಿಗೆ ನೀವು ಯಾವತ್ತಾದರೂ ಗಂಟು ಕಟ್ಟಿದ್ದೀರಾ? ಅಲ್ಲಿ ಬಿಸಿಲೋ ಚಳಿಯೋ, ಕೊಡೆ ಬೇಕೋ ಕಂಬಳಿ ಬೇಕೋ, ಅಕ್ಕಿ ಸಿಗುತ್ತದೋ ಇಲ್ಲವೋ, ಒಂದೂ ತಿಳಿಯದೆ, ಆದರೆ ಎಲ್ಲ ತಿಳಿದವರ ಹಾಗೆ ಒಬ್ಬರಿಗೊಬ್ಬರು ಜೋರು ಮಾಡಿಕೊಂಡು? ನಿಮಗೆ ಹೀಗೆ ಆಗಿದ್ದರೆ ಈ ಕತೆ ಅರ್ಥವಾಗುತ್ತದೆ. ಆಗದಿದ್ದರೂ ಓದಿ, ನನಗೇ ಇದು ಇವತ್ತಿನವರೆಗೆ ಪೂರ್ತಿ ಅರ್ಥವಾಗಿಲ್ಲ.

ನಮ್ಮ ಮನೆ ಮಂಗಳೂರಿನ ಕಂಕನಾಡಿಯಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಗದ್ದೆ ಹೆಚ್ಚು. ಮನೆಯ ಯಜಮಾನಿಕೆ ನಮ್ಮ ಮಾವನದು, ಅಂದರೆ ಅಮ್ಮನ ಅಣ್ಣನದು. ಅಪ್ಪ ಮೊದಲೇ ತೀರಿಕೊಂಡಿದ್ದರು. ಅಮ್ಮ ಅಡಿಗೆಮನೆಯನ್ನೂ ಪಡಸಾಲೆಯನ್ನೂ ಒಟ್ಟಿಗೆ ನಡೆಸುತ್ತಿದ್ದಳು. ನಾನು ಎರಡನೆಯ ಮಗಳು. ನನ್ನ ಅಕ್ಕನ ಗಂಡನಿಗೆ ಪಲ್ಟನ್ನಿನ ಸಾಮಾನು ಕಚೇರಿಯಲ್ಲಿ ಗುಮಾಸ್ತಿಕೆ. ಆ ವರ್ಷ ಅವರಿಗೆ ಬಲೂಚಿಸ್ತಾನಕ್ಕೆ ವರ್ಗವಾಗಿ, ಅಕ್ಕನೂ ಜೊತೆಗೆ ಹೋದಳು. ಕರಾಚಿಯಿಂದ ರೈಲು, ರೈಲು ಮುಗಿದ ಮೇಲೆ ಲಾರಿ, ಲಾರಿ ಮುಗಿಯುವಲ್ಲಿ ಆ ಊರು. ಅದರ ಹೆಸರನ್ನು ಮಾವ ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳುತ್ತಿರಲಿಲ್ಲ.

ಆಟಿ ತಿಂಗಳಲ್ಲಿ, ಮಳೆ ಹಿಡಿದು ಬಡಿಯುತ್ತಿದ್ದಾಗ, ಉರ್ವದ ಗುಮಾಸ್ತರೊಬ್ಬರು ಮನೆಗೆ ಬಂದರು. ಭಾವನ ಕಚೇರಿಯವರೇ, ರಜೆಯಲ್ಲಿ ಊರಿಗೆ ಬಂದವರು. ಜಗಲಿಯಲ್ಲಿ ಕಾಲು ತೊಳೆದು, ಬೆಲ್ಲ ನೀರು ಕುಡಿದು, ಸುದ್ದಿ ಹೇಳಿದರು. ಅಕ್ಕ ಬಸುರಿ. ಹಿಂದೆ ಎರಡು ಸಲ ಅವಳಿಗೆ ಗರ್ಭ ನಿಂತಿರಲಿಲ್ಲ. ಈ ಸಲ ಲಾರಿ ಹತ್ತಲೇಬಾರದು ಎಂದು ಅಲ್ಲಿನ ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರೆ. ಹಾಗಾಗಿ ಹೆರಿಗೆಗೆ ಊರಿಗೆ ಬರುವ ಹಾಗಿಲ್ಲ. ಅಮ್ಮ ಒಮ್ಮೆ ಬಂದರೆ ಸಾಕು ಎಂದು ಹೇಳಿಕಳಿಸಿದ್ದಾಳೆ. ಬೇರೆ ಏನೂ ಹೇಳಿಕಳಿಸಿರಲಿಲ್ಲ.

ತಾನು ರಜೆ ಮುಗಿಸಿ ವಾಪಸು ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅಮ್ಮ ನಮ್ಮೊಟ್ಟಿಗೇ ಬರಬಹುದು ಎಂದರು ಗುಮಾಸ್ತರು. ಹಿಮ ಬಿದ್ದರೆ ಮೇಲಿನ ದಾರಿ ಮುಚ್ಚುತ್ತದೆ, ಆಮೇಲೆ ಹೋಗುವುದೂ ಇಲ್ಲ ಬರುವುದೂ ಇಲ್ಲ. ಅದಕ್ಕೆ ಮೊದಲು, ಎಲೆ ಉದುರುವ ಕಾಲಕ್ಕೆ, ತಲುಪಿಬಿಡಬೇಕು. ಆ ಕಾಲ ಅಲ್ಲಿ ಬಹಳ ಚಂದ ಎಂದೂ ಸೇರಿಸಿದರು.

ಆಮೇಲೆ ಅಮ್ಮ ಊರು ಹೇಗೆ ಎಂದು ಕೇಳಿದಳು. ಅಲ್ಲಿಂದ ನಮ್ಮ ಗೊಂದಲ ಶುರು.

ಮರಳುಗಾಡು ಎಂದರು ಗುಮಾಸ್ತರು. ಮರಳಿಗೆ ನಾವು ಹೊಯಿಗೆ ಎನ್ನುವುದು, ಹೊಯಿಗೆ ಎಂದರೆ ನಮಗೆ ಕಡಲ ಬದಿ. ಹಾಗಾದರೆ ಕಡಲು ಹತ್ತಿರ ಇದೆ, ಮೀನು ಸಿಗುತ್ತದೆ ಎಂದು ನನಗೆ ಸಮಾಧಾನವಾಯಿತು. ಕಡಲು ಇಲ್ಲ, ಗುಡ್ಡ ಎಂದರು. ಎಂಥ ಗುಡ್ಡ? ನಮ್ಮ ಘಟ್ಟಕ್ಕಿಂತ ಎತ್ತರ. ಹಾಗಾದರೆ ಕಾಡು? ಒಂದು ಹುಲ್ಲುಕಡ್ಡಿಯೂ ಇಲ್ಲ. ಅಮ್ಮ ಬಾಗಿಲ ದಾರಂದಕ್ಕೆ ಒರಗಿ ನಿಂತು ಕೇಳುತ್ತಿದ್ದವಳು ಬಾಯಿ ಬಿಟ್ಟಳು.

"ಗುಡ್ಡ ಉಂಟು ಅಂತೀರಿ, ಮರ ಇಲ್ಲ ಅಂತೀರಿ. ಹಾಗಾದ್ರೆ ಆ ಗುಡ್ಡವನ್ನು ಹಿಡಿದು ನಿಲ್ಲಿಸುದು ಎಂತ?"

ಪ್ರತಿ ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ದರೆ ಜರಿಯುವುದನ್ನು ನೋಡಿ ಬೆಳೆದವರ ಪ್ರಶ್ನೆ ಅದು. ಮರದ ಬೇರು ಇಲ್ಲದಿದ್ದರೆ ಗುಡ್ಡ ಇಳಿದು ಗದ್ದೆಗೆ ಬರುತ್ತದೆ, ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಹೊಯಿಗೆಯ ಗುಡ್ಡದ ಕೆಳಗೆ ತನ್ನ ಬಸುರಿ ಮಗಳು ಮಲಗಿದ್ದಾಳೆ ಎಂದು ಅಮ್ಮನಿಗೆ ಅವತ್ತು ಊಟ ಸೇರಲಿಲ್ಲ.

ಮಾವನಿಗೆ ಮಾತ್ರ ಗೊಂದಲವೇ ಇರಲಿಲ್ಲ. ಅವರು ಒಮ್ಮೆ ಘಟ್ಟ ಹತ್ತಿ ಕೊಡಗಿನವರೆಗೆ ಹೋಗಿ ಬಂದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಗುಡ್ಡದ ವಿಷಯಕ್ಕೆ ಅವರೇ ಕೊನೆಯ ಮಾತು. ಗುಡ್ಡ ಎಂದ ಮೇಲೆ ಮಳೆ ಇದ್ದೇ ಇದೆ, ಈ ಗುಮಾಸ್ತ ಕಚೇರಿಯ ಒಳಗೆ ಕೂತವ, ಅವನಿಗೆ ಎಂತ ಗೊತ್ತು ಎಂದರು. ರಕ್ತ ಹೀರುವ ಉಂಬಳ ಹತ್ತದಂತೆ ಕಾಲಿಗೆ ಹಚ್ಚಲು ಸುಣ್ಣ ಮತ್ತು ಹೊಗೆಸೊಪ್ಪಿನ ಪೊಟ್ಟಣ ಕಟ್ಟಿಸಿದರು. ಆಮೇಲೆ ಕಾಟಿಪಳ್ಳದ ಒಕ್ಕಲಿಗೆ ಹೇಳಿ ಹೊಸ ಗೊರಬೆ ಹೆಣೆಸಿ ತಂದರು. ಗದ್ದೆಯಲ್ಲಿ ಬಗ್ಗಿ ಭತ್ತದ ನೇಜಿ ನೆಡುವಾಗ ಹೆಂಗಸರು ತಲೆಯಿಂದ ಬೆನ್ನಿನ ತನಕ ಹೊದ್ದುಕೊಳ್ಳುವ, ಓಲೆಯ ದೊಡ್ಡ ಚಿಪ್ಪಿನಂಥದ್ದು. ಅದನ್ನು ಮಡಚಲಿಕ್ಕೆ ಬರುವುದಿಲ್ಲ. ಅದು ಪಡಸಾಲೆಯ ಮೂಲೆಯಲ್ಲಿ ಮುದುಕಿಯೊಬ್ಬಳು ಕುಕ್ಕರಗಾಲಲ್ಲಿ ಕೂತ ಹಾಗೆ ಕೂತಿತು. ಎರಡು ತಿಂಗಳು ನಾವು ಅದನ್ನು ಸುತ್ತುಹಾಕಿ ನಡೆದೆವು.

ಅಮ್ಮ ಕುಚ್ಚಲಕ್ಕಿ ಕಟ್ಟಿದಳು, ಬಾಣಂತಿಯ ಮದ್ದಿನ ಬೇರುಗಳನ್ನು ಒಣಗಿಸಿ ಕಟ್ಟಿದಳು. ಮಗುವನ್ನು ಮೊದಲು ಮಲಗಿಸಲು ಮನೆಯ ತಡ್ಪೆಯನ್ನೇ, ಅಕ್ಕಿ ಗೇರುವ ಮೊರವನ್ನು, ತೊಳೆದು ಇಟ್ಟಳು. ಚಳಿಗೆ ಏನು? ಮಂಗಳೂರಿನ ಮನೆಯಲ್ಲಿ ಚಳಿಗೆ ಏನಿರುತ್ತದೆ ಹೇಳಿ. ಮಾವ ಕೊಡಗಿನಿಂದ ತಂದ ಒಂದು ಕಂಬಳಿ ಇತ್ತು, ಅದರಲ್ಲಿ ಬೆಕ್ಕು ಮರಿ ಹಾಕಿತ್ತು. ಒಂದು ದಿನ ಬಿಸಿಲು ಎಂದು ತೆಳ್ಳಗಿನ ಸೀರೆ ಇಡುವುದು, ಮರುದಿನ ಹಿಮ ಎಂದು ಅದನ್ನು ತೆಗೆಯುವುದು. ಬಿಸಿಲೂ ಹಿಮವೂ ಒಂದೇ ಊರಿನಲ್ಲಿ ಹೇಗೆ ಇರುತ್ತವೆ ಎಂದು ನಾವು ಯಾರೂ ನಂಬಲಿಲ್ಲ. ಅದರಿಂದಾಗಿ ಎರಡಕ್ಕೂ ಸರಿಯಾಗಿ ಕಟ್ಟಲಿಲ್ಲ.

ಇನ್ನು ಹೊರಡುವ ದಿನ. ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಎಲೆ ಉದುರುವ ಕಾಲ ಎಂದರೆ ಮಾಯಿ, ಸುಗ್ಗಿ ತಿಂಗಳು. ನಮ್ಮ ಹಿತ್ತಲಿನ ಮರಗಳು ಉದುರಿಸುವುದು ಚಳಿ ಮುಗಿದು ಸೆಕೆ ಏರುವಾಗಲೇ ಅಲ್ಲವೇ? ಹಾಗಾದರೆ ಬೇಕಾದಷ್ಟು ಸಮಯ ಇದೆ. ಹೊಸ್ತು ಆಗಲಿ, ದೀಪಾವಳಿ ಆಗಲಿ, ನಿಧಾನಕ್ಕೆ ಹೊರಟರಾಯಿತು. ಅಕ್ಕನ ತಿಂಗಳು ಎಣಿಸಿದರೆ ಇದು ಹೊಂದುತ್ತಿರಲಿಲ್ಲ. ಅಮ್ಮ ಅದನ್ನು ಹೇಳಿದಳು ಕೂಡ. ಮಾವ ಮರಗಳ ಮೇಲೆ ಭರವಸೆ ಇಟ್ಟರು.

ಸೋಣ ತಿಂಗಳು ಮುಗಿಯುತ್ತ ಬಂತು. ಮಳೆಗಾಲಕ್ಕೆ ಮುಚ್ಚಿದ್ದ ಕಡಲು ತೆರೆಯಿತು, ಬೊಂಬಾಯಿಯ ಆಗಬೋಟು ಮತ್ತೆ ಬರತೊಡಗಿತು. ಗುಮಾಸ್ತರು ಎರಡನೇ ಸಲ ಬಂದರು. ರಜೆ ಮುಗಿಯಿತು, ಬರುವ ವಾರದ ಆಗಬೋಟಿಗೆ ತಾನು ಹೊರಡಲೇಬೇಕು ಎಂದರು. ಅಲ್ಲಿ ಎಲೆ ಉದುರುವುದು ಈಗಲೇ, ಇಲ್ಲಿ ಭತ್ತ ಹಣ್ಣಾಗುವ ಹೊತ್ತಿಗೆ. ದೀಪಾವಳಿಯ ಹೊತ್ತಿಗೆ ಹಿಮ.

ಮಾವ ಆಗುವುದಿಲ್ಲ ಎಂದರು. ಸಿಟ್ಟಿನಿಂದ ಅಲ್ಲ. ಹೊಸ್ತು ಇನ್ನೂ ಆಗಿರಲಿಲ್ಲ, ಅದಕ್ಕೆ.

ಹೊಸ್ತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗದ್ದೆಯ ಮೊದಲ ತೆನೆಯನ್ನು ಒಳ್ಳೆಯ ದಿನ ನೋಡಿ ಯಜಮಾನ ಮನೆಗೆ ತರುತ್ತಾನೆ. ಮಾವು, ಹಲಸು, ಬಿದಿರಿನ ಎಲೆಯಲ್ಲಿ ಸುತ್ತಿ ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ ಕಟ್ಟುತ್ತಾರೆ. ಆಮೇಲೆ ಹೊಸ ಅಕ್ಕಿಯ ಊಟ. ಎಲೆಯ ಮುಂದೆ ಕೂತವರು ತುತ್ತು ಎತ್ತುವ ಮೊದಲು ಹಿರಿಯರ ಕಡೆ ತಿರುಗಿ, ನಾನು ಹೊಸ್ತು ಊಟ ಮಾಡ್ತೇನೆ ಎಂದು ಹೇಳಬೇಕು. ಹಿರಿಯರು ಮಾಡು ಎನ್ನಬೇಕು. ಎನ್ನುವವರೆಗೆ ಕೈ ಬಾಯಿಗೆ ಹೋಗುವುದಿಲ್ಲ. ಮನೆಯ ದೊಡ್ಡ ಹೆಂಗಸು ಆ ಊಟ ಉಣ್ಣದೆ ಹೊಳೆ ದಾಟುವುದು ನಮ್ಮಲ್ಲಿ ನಡೆದದ್ದೇ ಇಲ್ಲ. ಇವಳು ದಾಟಬೇಕಾದದ್ದು ಕಡಲು.

ಮಾವ ಮುಖ ಸಣ್ಣ ಮಾಡಿಕೊಂಡು ಜಗಲಿಯಲ್ಲಿ ಕೂತರು. ಅವರಿಗೂ ತಂಗಿಯ ಮಗಳು ಬೇಕು, ಅವಳ ಮಗು ಬೇಕು. ಆದರೆ ಉಣ್ಣದೆ ಹೋದವಳಿಗೆ, ಅಲ್ಲಿ ಕಾಯುತ್ತಿರುವವಳಿಗೆ, ಏನಾದರೂ ಆದರೆ? ಈಗಾಗಲೇ ಎರಡು ಸಲ ಆದದ್ದು ಅವರ ತಲೆಯಲ್ಲಿ ಇತ್ತು. ಅಮ್ಮನ ತಲೆಯಲ್ಲೂ ಅದೇ ಇತ್ತು. ಒಬ್ಬರು ಅದೇ ಕಾರಣಕ್ಕೆ ಬೇಡ ಎನ್ನುತ್ತಿದ್ದರು, ಇನ್ನೊಬ್ಬರು ಅದೇ ಕಾರಣಕ್ಕೆ ಹೊರಟಿದ್ದರು. ಯಾರ ಮಾತು ಸರಿ ಎಂದು ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಹೇಳಲಾರೆ.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಮಿಂದು, ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಬಾವಿಯ ಬದಿಯ ಗದ್ದೆಗೆ ಇಳಿದಳು. ಅಲ್ಲಿ ತೆನೆ ಬೇಗ ಬರುತ್ತಿತ್ತು, ಆದರೂ ಅರ್ಧ ಹಸಿರು. ಒಂದು ಹಿಡಿ ಕೊಯ್ದು ತಂದಳು. ಯಜಮಾನನ ಕೈಯಲ್ಲದೆ ಬೇರೆ ಕೈ ಆ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾಲ್ಕು ಕಾಳು ಸುಲಿದು, ಹಳೆ ಅಕ್ಕಿಯ ಅನ್ನಕ್ಕೆ ಬೆರೆಸಿ, ಹಾಲು ಹಾಕಿ, ಬಾಳೆಲೆಯ ತುಂಡಿನಲ್ಲಿ ಇಟ್ಟುಕೊಂಡು, ಜಗಲಿಯಲ್ಲಿ ಮಾವನ ಎದುರು ಚಾಪೆ ಹಾಕಿ ಕೂತಳು. ತುತ್ತು ಮಾಡಿ ಕೈಯಲ್ಲಿ ಹಿಡಿದಳು.

"ಅಣ್ಣ, ನಾನು ಹೊಸ್ತು ಊಟ ಮಾಡ್ತೇನೆ."

ಮಾವ ಅವಳ ಕೈ ನೋಡಿದರು, ಎಲೆ ನೋಡಿದರು.

"ಇದೆಂತ ತಂಗಿ. ತೆನೆ ಇನ್ನೂ ಹಾಲು."

"ಹಾಲಾದ್ರೂ ನಮ್ಮ ಗದ್ದೆದೇ ಅಲ್ವಾ."

"ದಿನ ನೋಡ್ಲಿಲ್ಲ."

"ಅವಳ ಹೊಟ್ಟೆಯಲ್ಲಿ ಉಂಟಲ್ಲ, ಅದು ದಿನ ನೋಡಿ ಬರುದಿಲ್ಲ."

ಅಮ್ಮ ಕೈ ಇಳಿಸಲಿಲ್ಲ. ಹಾಲು ಅವಳ ಮಣಿಕಟ್ಟಿನಿಂದ ಮೊಣಕೈಯವರೆಗೆ ಇಳಿದು ಚಾಪೆಗೆ ತೊಟ್ಟಿಕ್ಕಿತು. ತುತ್ತು ಹಿಡಿದು ಕೇಳಿದವರಿಗೆ ಇಲ್ಲ ಎನ್ನುವ ಕ್ರಮ ನಮ್ಮಲ್ಲಿ ಇಲ್ಲ. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಅವಳು ಮತ್ತೆ ಅದೇ ಮಾತು ಹೇಳಿದಳು, ಈ ಸಲ ಸಣ್ಣ ಸ್ವರದಲ್ಲಿ.

"ಮಾಡು," ಎಂದರು ಮಾವ. ಅವಳು ಉಂಡು ಮುಗಿಸುವವರೆಗೆ ಅಂಗಳ ನೋಡುತ್ತ ಕೂತಿದ್ದು, ಏಳುವಾಗ ಹೇಳಿದರು: "ಗೊರಬೆ ಮಾತ್ರ ಮರೀಬೇಡ."

ಉಳಿದ ತೆನೆಯನ್ನು ಅಮ್ಮ ಎಲೆ ಸುತ್ತಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು. ಬಂದರಿನಲ್ಲಿ ಆಗಬೋಟು ದೂರ ನಿಲ್ಲುತ್ತಿತ್ತು, ದೋಣಿಯಲ್ಲಿ ಹೋಗಿ ಹತ್ತಬೇಕು. ದೋಣಿ ಅಳಿವೆಯ ತೆರೆಗೆ ಏರಿ ಇಳಿಯುವಾಗ ಅಮ್ಮ ಗೊರಬೆಯನ್ನು ಎಲ್ಲಿ ಇಡುವುದು ಎಂದು ತಿಳಿಯದೆ ತಲೆಗೇ ಹಾಕಿಕೊಂಡಳು. ಒಂದು ಹನಿ ಮಳೆ ಇಲ್ಲದ ಬಿಸಿಲಿನಲ್ಲಿ, ಕಡಲ ಮೇಲೆ, ನೇಜಿ ನೆಡುವ ಹೆಂಗಸು. ದೋಣಿಯವರು ನಕ್ಕರು. ಮಾವ ನಗಲಿಲ್ಲ, ನೋಡಿದಿರಾ ಉಪಯೋಗಕ್ಕೆ ಬಂತು ಎಂದರು.

ಮನೆಯ ಹೊಸ್ತು ಆಮೇಲೆ ದಿನ ನೋಡಿಯೇ ಆಯಿತು. ಅಡಿಗೆ ನನ್ನದು. ಅನ್ನ ಗಂಜಿಯಾಗಿತ್ತು, ಮಾವ ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡರು.

ಅಮ್ಮ ವಾಪಸು ಬಂದದ್ದು ಪಗ್ಗು ತಿಂಗಳಲ್ಲಿ, ಹಿಮ ಕರಗಿ ದಾರಿ ಬಿಟ್ಟ ಮೇಲೆ. ಅಕ್ಕನೂ ಬಂದಳು, ತಡ್ಪೆಯೂ ಬಂತು, ಅದರಲ್ಲಿ ಮೊದಲು ಮಲಗಿದ ಹೆಣ್ಣು ಮಗುವೂ ಬಂತು. ಹೆರಿಗೆ ಹಿಮ ಬಿದ್ದ ವಾರದಲ್ಲಿ ಆಗಿತ್ತು, ಸುಲಭದ್ದಾಗಿರಲಿಲ್ಲ. ಇಡೀ ರಾತ್ರಿ ಅಕ್ಕ ಹಿಡಿದುಕೊಂಡದ್ದು ಅಮ್ಮನ ಕೈಯನ್ನೇ. ದೀಪಾವಳಿ ಕಳೆದು ಹೊರಟಿದ್ದರೆ ಅಮ್ಮ ಕೆಳಗಿನ ರೈಲು ನಿಲ್ದಾಣದಲ್ಲೇ ಕೂರಬೇಕಿತ್ತು. ತೆನೆಯನ್ನು ಅವಳು ಅಲ್ಲಿನ ಮಣ್ಣಿನ ಮನೆಯ ಬಾಗಿಲಿಗೆ ಕಟ್ಟಿದ್ದಳು. ಅಕ್ಕ ಕಾಳು ಬೆರೆಸಿದ ತುತ್ತು ಹಿಡಿದು, ಅಮ್ಮ ನಾನು ಹೊಸ್ತು ಊಟ ಮಾಡ್ತೇನೆ ಎಂದಳಂತೆ. ಅಮ್ಮ ಅವಳ ತಲೆಯ ಮೇಲೆ ಕೈ ಇಟ್ಟು ಮಾಡು ಎಂದಳಂತೆ.

ಊರು ಹೇಗಿತ್ತು ಎಂದು ಎಲ್ಲರೂ ಅಮ್ಮನನ್ನು ಮುತ್ತಿದೆವು. ಅವಳು ಹೇಳಿದ್ದು ಹೀಗೆ. ತಲೆ ಬಿಸಿಲಲ್ಲಿ ಸುಡುತ್ತದೆ, ಅದೇ ಹೊತ್ತಿಗೆ ನೆರಳಲ್ಲಿರುವ ಕಾಲು ಮರಗಟ್ಟುತ್ತದೆ. ಚೆಂಬಿನ ನೀರು ಬೆಳಿಗ್ಗೆ ಕಲ್ಲಾಗಿರುತ್ತದೆ. ಕುಚ್ಚಲಕ್ಕಿ ಎಷ್ಟು ಕುದಿಸಿದರೂ ಬೇಯುವುದಿಲ್ಲ. ದ್ರಾಕ್ಷಿ ಬುಟ್ಟಿ ಬುಟ್ಟಿ. ಮನೆಯ ಹಿಂದೆ ನೀರಿನ ಕಾಲುವೆಯ ಬದಿ ಮಾತ್ರ ಒಂದು ಸಾಲು ಮರ. ಅವಳು ಹೋದ ಹೊಸದರಲ್ಲಿ ಅವೆಲ್ಲ ಒಟ್ಟಿಗೆ ಹಳದಿಯಾಗಿ ಉದುರತೊಡಗಿದವು. ರೋಗ ತಗಲಿತು ಎಂದು ಹೆದರಿ, ಯಾರೂ ನೋಡದ ಹೊತ್ತಿನಲ್ಲಿ ಬುಡಕ್ಕೆ ಕೊಡದಿಂದ ನೀರು ಹೊಯ್ದಳಂತೆ. ಭಾವ ಹೇಳಿದರಂತೆ, ಅತ್ತೆ, ಇದನ್ನು ನೋಡಲಿಕ್ಕೆ ಜನ ದೂರದಿಂದ ಬರ್ತಾರೆ ಎಂದು. ಅವಳು ನಂಬಲಿಲ್ಲ. ಗುಡ್ಡವನ್ನು ಹಿಡಿದು ನಿಲ್ಲಿಸುವುದು ಏನು ಎಂಬುದು ಅವಳಿಗೆ ಅಲ್ಲಿ ಹೋದರೂ ಗೊತ್ತಾಗಲಿಲ್ಲ.

ಮಾವ ಕೇಳಿದ್ದು ಒಂದೇ, ಮಳೆ ಬಂತಾ ಎಂದು. ಇಲ್ಲ ಅಣ್ಣ, ಆದರೆ ಗೊರಬೆ ಒಳ್ಳೆಯದಾಯಿತು ಎಂದಳು ಅಮ್ಮ. ಗಾಳಿ ಎದ್ದರೆ ಬಾಗಿಲ ಸಂದಿನಿಂದ ಹೊಯಿಗೆ ಒಳಗೆ ಸುರಿಯುತ್ತಿತ್ತು, ಆಗ ಮಗುವನ್ನು ತಡ್ಪೆಯಲ್ಲಿ ಮಲಗಿಸಿ ಮೇಲೆ ಗೊರಬೆ ಕವುಚುತ್ತಿದ್ದಳು. ಮಾವ ಇದರಲ್ಲಿ ತಮಗೆ ಬೇಕಾದಷ್ಟು ಮಾತ್ರ ಕೇಳಿಸಿಕೊಂಡರು. ಕಂಕನಾಡಿಯಲ್ಲಿ ಸಿಕ್ಕಿದವರಿಗೆಲ್ಲ, ಅಲ್ಲಿ ಎಂಥ ಮಳೆ ಮಾರಾಯ, ಗೊರಬೆ ಇಲ್ಲದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಹೇಳಿಕೊಂಡು ತಿರುಗಿದರು. ಅಮ್ಮ ತಿದ್ದಲಿಲ್ಲ.

ಈಗ ಅಮ್ಮನೂ ಇಲ್ಲ, ಮಾವನೂ ಇಲ್ಲ. ಈಚೆಗೆ ಗಡಿ ಎಳೆದರು, ಆ ಊರು ಬೇರೆ ದೇಶಕ್ಕೆ ಹೋಯಿತು. ತಡ್ಪೆಯಲ್ಲಿ ಬಂದ ಹುಡುಗಿ ದೊಡ್ಡವಳಾಗಿ, ತಾನು ಹುಟ್ಟಿದ ಊರು ಹೇಗೆ ಎಂದು ಕೇಳುತ್ತಾಳೆ. ಅಕ್ಕನನ್ನು ಕೇಳಿದರೆ ಬರೀ ದ್ರಾಕ್ಷಿ ಮತ್ತು ಹೂವು ಎನ್ನುತ್ತಾಳೆ. ಅಮ್ಮನ ಬಾಯಲ್ಲಿ ಅದು ಸುಡುವ, ಮರಗಟ್ಟಿಸುವ ಊರು. ನನ್ನ ತಲೆಯಲ್ಲಿ ಇವತ್ತಿಗೂ ಅದು ಪಣಂಬೂರಿನ ಕಡಲ ಬದಿಯ ಮೇಲೆ ಯಾರೋ ಘಟ್ಟ ತಂದು ಇಟ್ಟ ಹಾಗೆ, ಮೇಲಿಂದ ಸಣ್ಣ ಮಳೆ. ಇದನ್ನು ಅವಳಿಗೆ ಹೇಗೆ ಹೇಳುವುದು?

ನಿಮ್ಮಲ್ಲಿ ಯಾರಾದರೂ ಆ ಕಡೆಯ ಗುಡ್ಡಗಳನ್ನು ಕಣ್ಣಾರೆ ನೋಡಿದ್ದರೆ, ಎಲೆ ಹಳದಿಯಾಗುವ ಕಾಲದಲ್ಲಿ ಅಲ್ಲಿ ಇದ್ದಿದ್ದರೆ, ದಯಮಾಡಿ ಬರೆದು ತಿಳಿಸಿ, ಅವಳಿಗೆ ಓದಿ ಹೇಳುತ್ತೇನೆ. ನೋಡದವರೂ ಬರೆಯಿರಿ. ಗೊತ್ತಿಲ್ಲದ ಊರಿಗೆ ನಿಮ್ಮ ಮನೆಯವರು ಏನೇನು ಕಟ್ಟಿಕೊಟ್ಟಿದ್ದರು, ಅದರಲ್ಲಿ ಯಾವುದು ಯಾವ ಕೆಲಸಕ್ಕೆ ಬಂತು? ಗೊರಬೆ ಹೊತ್ತುಕೊಂಡು ಕಡಲು ದಾಟಿದವರು ನಮ್ಮ ಮನೆಯವರು ಮಾತ್ರ ಆಗಿರಲಾರರು.