ಒಂದು ಟ್ಯಾಂಕರ್ ನೀರು

ಪುರಸಭೆಯ ಇಂಜಿನಿಯರಮ್ಮನಿಗೆ ಬಿಲ್ಡರುಗಳು ಇಟ್ಟ ಹೆಸರು ಟ್ಯಾಂಕರಮ್ಮ. ಹೊಸ ಬಡಾವಣೆ ಕಟ್ಟಿದವರು ರಸ್ತೆ, ಚರಂಡಿ, ಬೀದಿದೀಪ, ಪಾರ್ಕು ಎಲ್ಲವನ್ನೂ ಮುಗಿಸಿ ಊರಿಗೆ ಒಪ್ಪಿಸಿದ ಮೇಲೆಯೇ ಜನ ಅಲ್ಲಿ ಸಂಸಾರ ಹೂಡಬೇಕು ಎಂಬುದು ಕಾನೂನು. ಹಿಂದಿನವರು ನಕ್ಷೆ ನೋಡಿ, ಕಾಫಿ ಕುಡಿದು ಒಪ್ಪಿಗೆಯ ಸಹಿ ಹಾಕುತ್ತಿದ್ದರು. ಈಕೆ ಮಾತ್ರ ಬಡಾವಣೆಯ ಎತ್ತರದ ತುದಿಯಲ್ಲಿ ಒಂದು ಟ್ಯಾಂಕರ್ ನೀರು ಸುರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ಹಿಂದೆಯೇ ನಡೆದುಬಿಡುತ್ತಿದ್ದಳು. ಬಿಲ್ಡರು ಸುಳ್ಳು ಹೇಳಬಹುದು, ನೀರಿಗೆ ಆ ವಿದ್ಯೆ ಬರುವುದಿಲ್ಲ.

ಈ ಸಲದ ಬಡಾವಣೆಯಲ್ಲಿ ಅವಳ ಸ್ವಂತ ತಂಗಿಯೇ ಇಳಿಜಾರಿನ ಕೊನೆಯ ಮನೆ ಕೊಂಡಿದ್ದಳು. ಸಹಿ ಬಿದ್ದ ಕೂಡಲೇ ಒಳಗೆ ಸೇರಿಕೊಳ್ಳೋಣವೆಂದು ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನಿನ ವ್ಯಾನಿನೊಂದಿಗೇ ಬಂದು ನಿಂತಿದ್ದಳು.

"ಅಕ್ಕಾ, ಇವತ್ತೊಂದು ದಿನ ನಿನ್ನ ನೀರಾಟ ಬಿಡೇ. ರಾತ್ರಿ ಮಲಗೋಕೂ ಜಾಗ ಇಲ್ಲ ನಂಗೆ."

"ನಮ್ಮನೇಲಿ ಮಲಗು."

"ನಿನ್ನ ಗೊರಕೆ ಕೇಳ್ಕೊಂಡಾ?"

ಬಿಲ್ಡರು ಹಲ್ಲು ಕಿರಿದ. "ಮೇಡಂ, ತಂಗಿಯವರೇ ಕೇಳ್ತಿದ್ದಾರಲ್ಲ."

ಅಕ್ಕ ಸಾಮಾನಿನ ವ್ಯಾನಿನ ಕಡೆ ಒಮ್ಮೆ ನೋಡಿದಳು. ಆದರೂ ಟ್ಯಾಂಕರಿನವನಿಗೆ ಕೈ ಬೀಸಿದಳು. ತಂಗಿ ಮುಖ ಊದಿಸಿಕೊಂಡು ತನ್ನ ಹೊಸ ಮನೆಯೊಳಗೆ ಹೋದಳು.

ನೀರು ಸೊಗಸಾಗಿ ಹರಿದು, ಚರಂಡಿಗಿಳಿದು, ಹಾಸುಕಲ್ಲಿನ ಕೆಳಗೆ ಮಾಯವಾಯಿತು. ಇಂಜಿನಿಯರಮ್ಮ ಊರಿನ ದೊಡ್ಡ ಚರಂಡಿಯ ಬಳಿ ಹೋಗಿ ಬಗ್ಗಿ ನಿಂತು ಕಾದಳು. ಒಂದು ಹನಿಯೂ ಬರಲಿಲ್ಲ. ಬಿಲ್ಡರು ಆಕಾಶ ನೋಡತೊಡಗಿದ.

"ಅಯ್ಯಯ್ಯೋ, ನನ್ನ ಅಡುಗೆಮನೆ!" ತಂಗಿಯ ಕೂಗು ಕೇಳಿತು.

ಚರಂಡಿ ಅವಳ ಮನೆಯ ಹಿಂದೆಯೇ ಮುಗಿದುಹೋಗಿತ್ತು. ದೊಡ್ಡ ಚರಂಡಿಗೆ ಸೇರಿಸುವ ಪೈಪೇ ಇರಲಿಲ್ಲ. ದಾರಿ ಕಾಣದ ನೀರು ಉಕ್ಕಿ, ಹಿಂಬಾಗಿಲಿನಿಂದ ಒಳಗೆ ನುಗ್ಗಿತ್ತು.

"ಜನ ಬಂದ್ಮೇಲೆ ಜೋಡಿಸೋಣ ಅಂತಿದ್ದೆ," ಬಿಲ್ಡರು ತೊದಲಿದ.

ಅವತ್ತಿನಿಂದ ತಂಗಿ ರಾತ್ರಿ ಅಕ್ಕನ ಗೊರಕೆ ಕೇಳುತ್ತ ಮಲಗಿದಳು. ಹಗಲೆಲ್ಲ ಬಡಾವಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಿಲ್ಡರನ ತಲೆ ತಿಂದಳು. ಕೊನೆಗೂ ಅವನು ಪೈಪು ಹಾಕಿಸಿದ. ಕಾನೂನಿಗೆ ಹೆದರಿ ಎಂದು ಕಚೇರಿಯವರು ಹೇಳುತ್ತಾರೆ. ಆ ಕುರ್ಚಿಗೆ ಹೆದರಿ ಎಂದು ನನ್ನ ಅನುಮಾನ.

ಮತ್ತೆ ಟ್ಯಾಂಕರ್ ಬಂತು. ಈ ಸಲ ನೀರು ದೊಡ್ಡ ಚರಂಡಿಗೆ ಭೋರೆಂದು ಬಿದ್ದಾಗ ಅಕ್ಕನಿಗೆ ಸಂತೋಷಕ್ಕೆ ಕಣ್ಣು ತುಂಬಿತು. ಇನ್ನಾದರೂ ತಂಗಿ ತನ್ನ ಮನೆ ಸೇರಲಿ ಎಂದು ಆತುರದಿಂದ ಪೆನ್ನು ತೆಗೆದಳು.

ತಂಗಿ ಅವಳ ಕೈ ಹಿಡಿದುಕೊಂಡಳು.

"ಇರೇ ಅಕ್ಕಾ, ಏನವಸರ? ಇನ್ನೊಂದು ಟ್ಯಾಂಕರ್ ಬಿಡ್ಸು."